ಯಾರೆಂದು ಕೇಳದ ಮನುಷ್ಯ

ನಮ್ಮವರು ಬಾಗಿಲು ತೆಗೆಯುವ ಮುಂಚೆ "ಯಾರು?" ಎಂದು ಕೇಳಿದ್ದನ್ನು ಮದುವೆಯಾದ ಲಾಗಾಯ್ತು ನಾನು ಕಂಡವಳಲ್ಲ. ಕರೆಗಂಟೆ ಬಾರಿಸಿದರೆ ಸಾಕು, ಎದ್ದು ಹೋಗಿ ತೆಗೆಯುವುದೇ. ಪೊರಕೆ ಮಾರುವವನು, ವಿಮೆ ಮಾಡಿಸಿ ಎಂದು ಪ್ರಾಣ ತಿನ್ನುವವನು, ಮಹಡಿ ತಪ್ಪಿ ಬಂದ ಕುಡುಕ, ಎಲ್ಲರೂ ನಮ್ಮ ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತು ನೀರು ಕುಡಿದು ಹೋದವರೇ. ನಾನು ಹೊಲಿಗೆ ಯಂತ್ರದ ಮೇಲಿನಿಂದ ಕಣ್ಣು ಬಿಟ್ಟರೆ ಇವರದು ಒಂದೇ ಉತ್ತರ: "ಬರ್ಲಿ ಬಿಡೇ." ಆಫೀಸಿನಲ್ಲೂ ಇದೇ ಪಲ್ಲವಿ ಇದ್ದಿರಬೇಕು. ಅಲ್ಲಿಯವರು ಇವರಿಗೆ "ಬರ್ಲಿ ಬಿಡಿ" ಎಂದೇ ಹೆಸರಿಟ್ಟಿದ್ದರು. ಒಮ್ಮೆ ನಾನು ಫೋನು ಮಾಡಿದಾಗ ಆ ಕಡೆಯ ಹುಡುಗಿ ಬಾಯಿತಪ್ಪಿ, ಬರ್ಲಿ ಬಿಡಿ ಸರ್ ಮೀಟಿಂಗಿನಲ್ಲಿದ್ದಾರೆ ಅಂದುಬಿಟ್ಟಳು. ಸಂಜೆ ಇವರಿಗೆ ಹೇಳಿದರೆ ಅದಕ್ಕೂ ನಕ್ಕರು.

ಇವರ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಮೊದಮೊದಲು ನಾನು ಕಂಪ್ಯೂಟರ್ ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಆಮೇಲೆ ಸ್ವಿಚ್ ಎಂದು ಹೇಳಲು ಕಲಿತೆ. ಅದು ಗೋಡೆಯ ಮೇಲೆ ದೀಪ ಹಾಕುವ ಸ್ವಿಚ್ ಅಲ್ಲ. ಚಪ್ಪಟೆಯಾದ ತಗಡಿನ ಪೆಟ್ಟಿಗೆ, ಮುಂಭಾಗದಲ್ಲಿ ಸಾಲಾಗಿ ತೂತುಗಳು, ಒಂದೊಂದು ತೂತಿಗೂ ಒಂದೊಂದು ಕೇಬಲ್, ಮೇಲೊಂದು ಹಸಿರು ದೀಪ. ಬ್ಯಾಂಕು, ಶಾಲೆ, ಆಸ್ಪತ್ರೆ, ಎಲ್ಲಿ ನಾಲ್ಕು ಕಂಪ್ಯೂಟರ್ ಇದೆಯೋ ಅಲ್ಲಿ ಯಾವುದಾದರೂ ಕಪಾಟಿನಲ್ಲಿ ಇಂಥದ್ದೊಂದು ಮಿಣಮಿಣ ಅನ್ನುತ್ತಾ ಕೂತಿರುತ್ತದೆ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರ ಹಾಗೆ, ಈ ಕಂಪ್ಯೂಟರಿನ ಮಾತನ್ನು ಆ ಕಂಪ್ಯೂಟರಿಗೆ ಮುಟ್ಟಿಸುವುದು ಅದರ ಕೆಲಸ. ಅದರ ತಲೆಯೊಳಗಿನ ಪ್ರೋಗ್ರಾಮನ್ನು ಇವರೂ ಇವರ ಜೊತೆಯವರೂ ಬರೆಯುತ್ತಿದ್ದರು.

ಅದರಲ್ಲಿ ಒಂದು ಭಾಗ ಇವರೊಬ್ಬರದೇ. ಒಂದು ಪೆಟ್ಟಿಗೆಗೆ ಇನ್ನೊಂದು ಪೆಟ್ಟಿಗೆಯನ್ನು ಜೋಡಿಸಿದರೆ ಅವು ಪರಸ್ಪರ ಪರಿಚಯ ಮಾಡಿಕೊಳ್ಳುತ್ತವಂತೆ. ನಾನು ಎರಡನೇ ಮಹಡಿಯವನು, ನಾನು ಔಷಧಿ ಕೋಣೆಯವನು ಎಂದು ಆಗಾಗ ಹೆಸರು ಹೇಳುತ್ತಾ ಇರುತ್ತವೆ, ಈ ಕಡೆಯದು ಆ ಹೆಸರನ್ನು ಬರೆದಿಟ್ಟುಕೊಳ್ಳುತ್ತದೆ. ಅಕ್ಕಪಕ್ಕದ ಮನೆಯವರು ಬೆಳಿಗ್ಗೆ ಮುಖ ನೋಡಿ ಮಾತಾಡಿಸುವ ಹಾಗೆ. ಈ ಪರಿಚಯದ ಭಾಗವನ್ನು ಬರೆದವರು ಇವರು. ತಗಡಿಗೂ ನೆರೆಹೊರೆಯ ಬಳಕೆ ಕಲಿಸಿದೆನಲ್ಲ ಎಂದು ಇವರಿಗೆ ಒಳಗೊಳಗೇ ಜಂಭ. ನಮ್ಮ ಕಟ್ಟಡದ ಲಿಫ್ಟಿನವನಿಗೂ ಅದನ್ನು ವಿವರಿಸಿ ಹೇಳಿದ್ದರು. ಅವನು ಪಾಪ ಹೂಂಗುಟ್ಟಿಕೊಂಡು ಮೂರು ಸಲ ಮೇಲೆ ಕೆಳಗೆ ಓಡಾಡಿಸಿದ.

ಆ ಕಂಪನಿಯಲ್ಲಿ ಒಂದು ರೂಢಿ ಇತ್ತು. ಪ್ರೋಗ್ರಾಮು ಬರೆಯುವ ಪ್ರತಿಯೊಬ್ಬರ ಮೇಜಿನ ಮೇಲೂ ಪರೀಕ್ಷೆ ಮಾಡಲು ಒಂದು ಪೆಟ್ಟಿಗೆ, ಆ ಪೆಟ್ಟಿಗೆಗೆ ಅವರವರ ಮಗುವಿನ ಮುದ್ದಿನ ಹೆಸರು. ಒಬ್ಬರದು ಪುಟಾಣಿ, ಒಬ್ಬರದು ಬಂಗಾರಿ, ಮಕ್ಕಳಿಲ್ಲದ ಮ್ಯಾನೇಜರರದು ಅವರ ನಾಯಿಯ ಹೆಸರು. ಇವರ ಪೆಟ್ಟಿಗೆಯ ಹೆಸರು ಗುಬ್ಬಿ. ನಮಗಿರುವುದು ಒಬ್ಬಳೇ ಮಗಳು, ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದಳು. ಅವಳಿಗೆ ನಾವು ಇಟ್ಟ ದೊಡ್ಡ ಹೆಸರು ಶಾಲೆಯವರಿಗೆ ಮಾತ್ರ ಗೊತ್ತು, ಮನೆಗೆ ಅವಳು ಗುಬ್ಬಿಯೇ.

ಗುಬ್ಬಿ ಅಕ್ಷರ ಕಲಿಯುತ್ತಿದ್ದ ಕಾಲದಲ್ಲಿ ಒಂದು ದಿನ ಶಾಲೆಗೆ ರಜೆ ಬಂತು. ನನಗೆ ಒಂದು ಸಭಾಂಗಣದ ಪರದೆಗಳನ್ನೆಲ್ಲ ಹೊಲಿದು ಮುಗಿಸಬೇಕಿತ್ತು, ಮನೆ ತುಂಬ ಬಟ್ಟೆ. ಇವರು ಅವಳನ್ನು ಆಫೀಸಿಗೆ ಕರೆದುಕೊಂಡು ಹೋದರು. ತೊಡೆಯ ಮೇಲೆ ಕೂರಿಸಿಕೊಂಡು, ಪೆಟ್ಟಿಗೆಯ ಹೆಸರು ಬರೆಯುವ ಜಾಗ ತೋರಿಸಿ, ಇಲ್ಲಿ ನಿನ್ನ ಹೆಸರು ಬರಿ ಮಗಳೇ ಅಂದರಂತೆ. ಅವಳಿಗೆ ಇಂಗ್ಲಿಷಿನಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಮಾತ್ರ ಬರುತ್ತಿತ್ತು. ಜಿ ಎಂಬ ಗುಂಡಿಯ ಮೇಲೆ ಬೆರಳಿಟ್ಟಳು, ಇಟ್ಟ ಬೆರಳು ತೆಗೆಯಲಿಲ್ಲ. ಕಂಪ್ಯೂಟರಿನ ಪರದೆಯ ತುಂಬ ಜಿ, ಜಿ, ಜಿ. ಇವರು ಯಾರೊಂದಿಗೋ ಮಾತಾಡುತ್ತಿದ್ದರು. ಪಕ್ಕದ ಪೆಟ್ಟಿಗೆ ಎಂದಿನಂತೆ, ನಿನ್ನ ಹೆಸರೇನಪ್ಪಾ ಎಂದು ಕೇಳಿತು. ಇದು ತನ್ನ ಹೊಸ ಹೆಸರನ್ನು ಹೇಳಿತು. ಹೇಳಿದ್ದೇ ತಡ, ಪಕ್ಕದ ಪೆಟ್ಟಿಗೆಯ ದೀಪಗಳೆಲ್ಲ ಒಮ್ಮೆಗೇ ಆರಿಹೋದವು. ಆಮೇಲೆ ತಾನಾಗಿ ಎದ್ದು, ಏನೂ ಆಗಿಲ್ಲವೆಂಬಂತೆ ಮತ್ತೆ ಮಿಣಮಿಣ ಅಂತು. ಸುತ್ತಲಿದ್ದವರು ಚಪ್ಪಾಳೆ ತಟ್ಟಿ ನಕ್ಕರಂತೆ. ಗುಬ್ಬಿ ಮಾತ್ರ ತಾನೇನೋ ಕೆಡಿಸಿದೆ ಎಂದು ಹೆದರಿ ಅತ್ತಳಂತೆ.

ಮನೆಗೆ ಬಂದು ಇವರು ನನಗೆ ಇದನ್ನು ತಮಾಷೆಯಾಗಿ ಹೇಳಿದರು. ಯಾಕೆ ಹಾಗಾಯಿತು ಎಂದು ಕೇಳಿದೆ. ಹೆಸರಿಗೆ ಇಷ್ಟೇ ಜಾಗ ಎಂದು ಇಟ್ಟಿರುತ್ತೇವೆ, ಇವಳು ಮಾರುದ್ದ ಬರೆದಳು, ಹೆಚ್ಚಾಯಿತು ಅಂದರು. ಹಾಗಿದ್ದರೆ ಅಳತೆ ನೋಡಿ ತೆಗೆದುಕೊಳ್ಳುವ ಹಾಗೆ ಮಾಡಬಹುದಲ್ಲ ಅಂದೆ. ಹೊಲಿಯುವವಳಿಗೆ ಬೇರೆ ಏನು ಹೊಳೆಯುತ್ತದೆ? "ಅಷ್ಟುದ್ದ ಹೆಸರು ಯಾರಿಡ್ತಾರೇ?" ಅಂದು ಗುಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಮಲಗಿಸಲು ಹೋದರು. ಜೊತೆಯವರಿಗೂ ಅದೇ ಅನ್ನಿಸಿರಬೇಕು, ಯಾರೂ ಮತ್ತೆ ಅದರ ಮಾತೆತ್ತಲಿಲ್ಲ. ಪೆಟ್ಟಿಗೆಗಳು ಮಾರಾಟವಾದವು, ಊರೂರಿನ ಕಪಾಟುಗಳಲ್ಲಿ ಹೋಗಿ ಕೂತವು.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಗಾದೆ ಸುಳ್ಳಾಯಿತು. ಸೂಜಿಗೆ ದಾರ ಪೋಣಿಸು ಎಂದರೆ ಮುಖ ಸಿಂಡರಿಸುತ್ತಿದ್ದ ಹುಡುಗಿ ಅಪ್ಪನ ದಾರಿಯನ್ನೇ ಹಿಡಿದಳು. ಆದರೆ ಅದರ ಎದುರು ದಿಕ್ಕಿಗೆ. ಅಪ್ಪ ಕಟ್ಟುವವರು, ಇವಳು ಕೆಡವುವವಳು. ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ಎಲ್ಲಿ ತೂತಿದೆ, ಕಳ್ಳ ನುಗ್ಗುವುದಾದರೆ ಎಲ್ಲಿಂದ ನುಗ್ಗುತ್ತಾನೆ ಎಂದು ಹುಡುಕಿ ಹೇಳುವ ಸಂಸ್ಥೆಯಲ್ಲಿ ಕೆಲಸ. ಮನೆಯಿಂದ ದೂರವೆಂದು ಆಫೀಸಿನ ಹತ್ತಿರವೇ ಒಂದು ಕೋಣೆ ಮಾಡಿಕೊಂಡಳು. ಭಾನುವಾರ ಮಾತ್ರ ತಪ್ಪದೆ ಊಟಕ್ಕೆ ಬರುತ್ತಿದ್ದಳು. ಅಪ್ಪ ಮಗಳು ಊಟದ ಮೇಜಿನಲ್ಲಿ ಕೂತರೆ ನನಗೆ ಒಂದಕ್ಷರ ಅರ್ಥವಾಗದ ಜಗಳ. ನಿಮ್ಮಂಥವರು ಬಾಗಿಲು ಹಾರುಹೊಡೆದು ಇಡುವುದರಿಂದಲೇ ನನ್ನ ಹೊಟ್ಟೆ ತುಂಬುತ್ತಿದೆ ಎಂದು ಅವಳು, ನಾವು ಕಟ್ಟದಿದ್ದರೆ ನೀನೇನು ಕೆಡವುತ್ತಿದ್ದೆ ಎಂದು ಇವರು. ತಟ್ಟೆ ಒಣಗುವವರೆಗೂ ಏಳುತ್ತಿರಲಿಲ್ಲ. ನಾನು ಬೈಯುತ್ತಿದ್ದೆ, ನನ್ನ ಬೈಗುಳಕ್ಕೆ ಅಲ್ಲಿ ಕವಡೆ ಕಿಮ್ಮತ್ತಿರಲಿಲ್ಲ. ಆ ಭಾನುವಾರಗಳಷ್ಟು ಸುಖ ನಮ್ಮ ಮನೆ ಮತ್ತೆ ಕಂಡಿಲ್ಲ.

ಇನ್ನು ಮುಂದಿನದನ್ನು ನಾನು ಕಣ್ಣಾರೆ ಕಂಡದ್ದಲ್ಲ. ಆಮೇಲೆ ಅಪ್ಪ ಒಂದು ಕಡೆಯಿಂದ, ಮಗಳು ಒಂದು ಕಡೆಯಿಂದ ನನ್ನ ಮುಂದೆ ತೋಡಿಕೊಂಡದ್ದನ್ನು ಕೂಡಿಸಿ ಹೊಲಿದು ಹೇಳುತ್ತಿದ್ದೇನೆ.

ಒಂದು ದೊಡ್ಡ ಆಸ್ಪತ್ರೆಯವರು ತಮ್ಮಲ್ಲಿರುವ ಯಂತ್ರಗಳನ್ನೆಲ್ಲ ಪರೀಕ್ಷಿಸಿ ಕೊಡಿ ಎಂದು ಗುಬ್ಬಿಯ ಸಂಸ್ಥೆಯನ್ನು ಕರೆದರು. ಅವರ ನೆಲಮಾಳಿಗೆಯ ಕಪಾಟಿನಲ್ಲಿ ಅವಳಿಗೆ ಒಂದು ಹಳೇ ಪೆಟ್ಟಿಗೆ ಕಂಡಿತು. ಬಣ್ಣ ಮಾಸಿತ್ತು, ಆದರೆ ಅದರ ಮುಖವನ್ನು ಅವಳು ಮರೆಯುವವಳೇ? ಕೆಲಸದ ನಡುವೆ ಸುಮ್ಮನೆ, ಹಳೆಯ ಗೆಳತಿಯ ಬೆನ್ನಿಗೆ ಗುದ್ದುವ ಹಾಗೆ, ಅದರ ಪಕ್ಕಕ್ಕೆ ತನ್ನ ಯಂತ್ರವನ್ನು ಜೋಡಿಸಿ ಮಾರುದ್ದದ ಒಂದು ಹೆಸರು ಹೇಳಿಸಿದಳು. ಇಷ್ಟು ವರ್ಷದಲ್ಲಿ ಅಪ್ಪ ಸರಿಮಾಡಿರುತ್ತಾರೆ ಎಂದೇ ಅವಳ ನಂಬಿಕೆ. ದೀಪಗಳು ಆರಿದವು.

ಅದು ಯಾಕೆ ಅಪಾಯ ಎಂದು ಅವಳು ನನಗೆ ಅಡಿಗೆಮನೆಯ ಲೆಕ್ಕದಲ್ಲಿ ಹೇಳಿಕೊಟ್ಟಳು. ಕಪಾಟಿನಲ್ಲಿ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದೀಯ ಅಂದುಕೋ. ಒಂದು ಡಬ್ಬಿ ಪಕ್ಕದವನ ಹೆಸರು ಹಾಕಿಡಲು. ಅದಕ್ಕೆ ತಾಗಿದ ಡಬ್ಬಿಯಲ್ಲಿ, ಈ ಕೆಲಸ ಮುಗಿದ ಮೇಲೆ ಎಲ್ಲಿಗೆ ವಾಪಸು ಹೋಗಬೇಕು ಎಂಬ ಚೀಟಿ ಇದೆ. ಸುರಿಯುವವನು ಅಳತೆ ನೋಡದೆ ಸುರಿದರೆ ಮೊದಲನೇ ಡಬ್ಬಿ ತುಂಬಿ ಉಳಿದದ್ದು ಪಕ್ಕದ್ದರೊಳಗೆ ಬಿದ್ದು ಚೀಟಿ ಹಾಳು. ಎಲ್ಲಿಗೆ ವಾಪಸು ಹೋಗಬೇಕೆಂದು ತಿಳಿಯದೆ ಪೆಟ್ಟಿಗೆ ಕಂಗಾಲಾಗಿ ಬೀಳುತ್ತದೆ. ಇಷ್ಟೇ ಆದರೆ ಚಿಂತೆಯಿಲ್ಲ, ಬಿದ್ದದ್ದು ಏಳುತ್ತದೆ. ಆದರೆ ಎಷ್ಟು ಸುರಿದರೆ ಚೀಟಿಯವರೆಗೆ ತಲುಪುತ್ತದೆ ಎಂದು ಬಲ್ಲ ಕಳ್ಳ, ಹಳೆಯ ಚೀಟಿಯ ಮೇಲೆ ತನ್ನ ಮನೆ ವಿಳಾಸ ಬೀಳುವಂತೆ ಸುರಿಯುತ್ತಾನೆ. ಅಲ್ಲಿಂದ ಮುಂದೆ ಪೆಟ್ಟಿಗೆ ಅವನ ಆಳು. ಆಸ್ಪತ್ರೆಯ ಪೆಟ್ಟಿಗೆ ಹಾಗೆ ಕಂಡವರ ಆಳಾದರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅವಳ ಕಸುಬಿನಲ್ಲಿ ಒಂದು ಕಟ್ಟುನಿಟ್ಟು. ತೂತು ಕಂಡರೆ ಆ ಯಂತ್ರ ಮಾಡಿದ ಕಂಪನಿಗೆ ಮಾತ್ರ ಗುಟ್ಟಾಗಿ ತಿಳಿಸಬೇಕು, ತೇಪೆ ಹಾಕಲು ಮೂರು ತಿಂಗಳ ಗಡುವು ಕೊಡಬೇಕು. ಅಲ್ಲಿಯತನಕ ಯಾರ ಮುಂದೆಯೂ ತುಟಿ ಬಿಚ್ಚುವಂತಿಲ್ಲ, ಹೆತ್ತವರ ಮುಂದೆಯೂ. ಕಂಪನಿಯ ಒಳಗಿನವರಿಗೂ ಅದೇ ಬೀಗ. ಸರಿಯಾದ ನಿಯಮವೇ, ಇಲ್ಲದಿದ್ದರೆ ಕಳ್ಳರು ಮೊದಲು ಓಡಿಬರುತ್ತಾರೆ. ಆದರೆ ಆ ನಿಯಮ ಮಾಡಿದವರು, ತೂತು ಮಾಡಿದವನೂ ತೂತು ಹುಡುಕಿದವಳೂ ಒಂದೇ ಮೇಜಿನಲ್ಲಿ ಊಟ ಮಾಡುತ್ತಾರೆ ಎಂದು ಯೋಚಿಸಿರಲಿಲ್ಲ.

ಬಾಯಲ್ಲಿ ಹೇಳುವಂತಿಲ್ಲ, ಆದರೂ ಅಪ್ಪನಿಗೆ ತಿಳಿಯಬೇಕು. ಅದಕ್ಕೆ ಗುಬ್ಬಿ ಒಂದು ಉಪಾಯ ಮಾಡಿದಳು. ಇಂಥ ತೂತನ್ನು ತೋರಿಸಿಕೊಡುವಾಗ ಎ ಅಕ್ಷರವನ್ನು ಉದ್ದಕ್ಕೆ ತುಂಬುವುದು ಅವರಲ್ಲಿ ವಾಡಿಕೆಯಂತೆ, ಎಲ್ಲರೂ ಎ, ಎ, ಎ ಎಂದೇ ತುಂಬುತ್ತಾರೆ. ಅವಳು ಕಳಿಸಿದ ವರದಿಯಲ್ಲಿ ಅವಳ ಹೆಸರಿರಲಿಲ್ಲ, ಸಂಸ್ಥೆಯ ಹೆಸರಷ್ಟೇ ಇತ್ತು. ಆದರೆ ಉದಾಹರಣೆಯಲ್ಲಿ ಸಾಲು ಸಾಲಾಗಿ ತುಂಬಿದ್ದದ್ದು ಜಿ.

ಇವರ ಮ್ಯಾನೇಜರು ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದರಂತೆ. ಯಾರೋ, ಇದೇನಪ್ಪಾ ವಿಚಿತ್ರ, ಜಿ ಹಾಕಿದ್ದಾರಲ್ಲ ಅಂದರಂತೆ. ನಮ್ಮವರಿಗೆ ಆ ಕ್ಷಣವೇ ತಿಳಿಯಿತು. ತೊಡೆಯ ಮೇಲೆ ಅವಳು ಕೂತಿದ್ದ ಭಾರವೂ ನೆನಪಾಯಿತು ಎಂದು ನನ್ನ ಹತ್ತಿರ ಹೇಳಿದರು.

ಅದಾದ ಮೇಲಿನ ಭಾನುವಾರಗಳನ್ನು ನಾನು ಹೇಗೆ ಹೇಳಲಿ. ಅವಳು ಬರುತ್ತಾಳೆ, ತಟ್ಟೆ ನೋಡುತ್ತಾಳೆ. ಇವರು ಬಡಿಸಿಕೊಳ್ಳುತ್ತಾರೆ, ಲೋಟ ನೋಡುತ್ತಾರೆ. ಉಪ್ಪು ಕೊಡು, ನೀರು ಕೊಡು, ಮುಗಿಯಿತು. ಕಟ್ಟುವ ಮಾತಿಲ್ಲ, ಕೆಡವುವ ಮಾತಿಲ್ಲ. ಇಬ್ಬರಲ್ಲಿ ಒಬ್ಬರು ಬಾಯಿ ತೆರೆದರೆ ಅದೇ ಹೊರಗೆ ಬೀಳುತ್ತದೆಂದು ಇಬ್ಬರಿಗೂ ಭಯ. ನನಗೇನು ಗೊತ್ತು, ಹುಡುಗಿ ಯಾರನ್ನೋ ಇಷ್ಟಪಟ್ಟಿದ್ದಾಳೆ, ಅದು ಅಪ್ಪನಿಗೆ ಹಿಡಿಸಿಲ್ಲ ಎಂದುಕೊಂಡೆ. ಒಂದು ದಿನ ಅವಳನ್ನು ಮೂಲೆಗೆ ಕರೆದು, ಹುಡುಗ ಯಾರೇ ಎಂದೂ ಕೇಳಿದೆ. ಅಳಲೂ ಆಗದೆ ನಗಲೂ ಆಗದೆ ನನ್ನನ್ನೇ ನೋಡಿದಳು. ಆಮೇಲೆ ಭಾನುವಾರ ಕೆಲಸವಿದೆ ಎಂದು ಬರುವುದನ್ನೇ ಬಿಟ್ಟಳು. ಜಿ ನೋಡಿ ನನ್ನ ಗುರುತು ಸಿಕ್ಕಿದೆ, ಆದರೂ ಒಂದು ಸಲ ಕಣ್ಣೆತ್ತಿ ನೋಡಲಿಲ್ಲ, ಅಪ್ಪನಿಗೆ ಕೋಪ ಎಂದು ಅವಳ ಲೆಕ್ಕ.

ಇವರಿಗೆ ಇದ್ದದ್ದು ಕೋಪವಲ್ಲ, ಹೆದರಿಕೆ. ತನ್ನ ಬಗ್ಗೆ ಅಲ್ಲ, ಅವಳ ಬಗ್ಗೆ. ತೂತು ಹುಡುಕಿದವಳು ತೂತು ಮಾಡಿದವನ ಮಗಳು ಎಂದು ಗೊತ್ತಾದರೆ ಜನ ಏನಂದಾರು? ಅಪ್ಪನೇ ಕಿವಿಯಲ್ಲಿ ಊದಿದ್ದಾನೆ, ಇವಳದೇನು ಹೆಚ್ಚುಗಾರಿಕೆ ಅನ್ನುತ್ತಾರೆ. ಮೊದಲ ದೊಡ್ಡ ಕೆಲಸಕ್ಕೇ ಮಸಿ ಬಳಿಯುತ್ತಾರೆ. ಕಂಪನಿಯವರು ವಿಚಾರಣೆಗೆ ಕೂರಿಸಿದರು. ಈ ಪೆಟ್ಟಿಗೆ ಹೀಗೆ ಬಿದ್ದದ್ದನ್ನು ಹಿಂದೆ ಕಂಡಿದ್ದಿರಾ ಎಂದು ಕೇಳಿದರು. ಅವತ್ತು ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರೂ ಈಗ ಆ ಕಂಪನಿಯಲ್ಲಿಲ್ಲ. ಕಂಡಿದ್ದೆ ಎಂದರೆ ಮಗಳ ಹೆಸರು ಹೊರಗೆ ಬರುತ್ತದೆಂದು ಇವರು ಇಲ್ಲ ಅಂದರು. ನಿಮ್ಮ ಮನೆಯಲ್ಲಿ ಯಾರಾದರೂ ಈ ಪರೀಕ್ಷೆ ಮಾಡುವ ಕಸುಬಿನಲ್ಲಿದ್ದಾರಾ ಎಂದು ಕೇಳಿದರು. ಊರಿಗೆಲ್ಲ ಬಾಗಿಲು ತೆರೆದಿಟ್ಟಿದ್ದ ಮನುಷ್ಯ, ಜೀವಮಾನದಲ್ಲಿ ಒಂದು ಸುಳ್ಳನ್ನು ನೆಟ್ಟಗೆ ಹೇಳಲು ಬಾರದವರು, ಅದಕ್ಕೂ ಇಲ್ಲ ಎಂದು ಬರೆದು ಸಹಿ ಹಾಕಿಕೊಟ್ಟರು.

ತೇಪೆ ಹಾಕುವ ಕೆಲಸ ಇವರಿಗೇ ಬಂತು. ಪರಿಚಯದ ಜಾಗದಲ್ಲಿ ಮಾತ್ರವಲ್ಲ, ಹೊರಗಿನಿಂದ ಏನೇ ಒಳಬರುವ ಕಡೆಯೆಲ್ಲ ಕಾವಲು ಹಾಕಬೇಕು. ನೀನು ಯಾರು, ನಿನ್ನ ಮಾತಿನ ಉದ್ದ ಎಷ್ಟು, ಹೆಚ್ಚಿದ್ದರೆ ಆಚೆಗೆ ಹೋಗು. ಇದನ್ನೇ ಬೆಳಗಿನಿಂದ ಸಂಜೆಯವರೆಗೆ ಬರೆದರು. ಇವರು ಬರೆದ ಒಂದೊಂದು ಸಾಲನ್ನೂ ಇವರಿಗಿಂತ ಅರ್ಧ ವಯಸ್ಸಿನವರು ತಿರುವಿ ತಿರುವಿ ನೋಡುತ್ತಿದ್ದರು. ನಾನು ಪ್ಯಾಂಟಿನ ಸೊಂಟವನ್ನು ಎರಡು ಸಲ ಒಳಗೆ ಹಿಡಿದು ಹೊಲಿದೆ, ಅಷ್ಟು ಇಳಿದುಹೋಗಿದ್ದರು. ಕೇಳಿದರೆ, ಇನ್ನು ಸ್ವಲ್ಪ ದಿನ ತಡಿ, ಆಮೇಲೆ ಎಲ್ಲಾ ಹೇಳುತ್ತೇನೆ ಅನ್ನುತ್ತಿದ್ದರು. ಆಮೇಲೆ, ಆಮೇಲೆ. ಆ ಒಂದು ದಿನವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು.

ಕೊನೆಗೆ ತೇಪೆ ಸಿದ್ಧವಾಗಿ ಎಲ್ಲ ಕಡೆಗೂ ಹೋಯಿತು. ಅವತ್ತು ಇವರು ಮನೆಗೆ ಬಂದ ರೀತಿಯನ್ನು ನೀವು ನೋಡಬೇಕಿತ್ತು. ಚಪ್ಪಲಿ ಬಿಡುತ್ತಲೇ, "ಭಾನುವಾರ ಗುಬ್ಬಿನ ಊಟಕ್ಕೆ ಕರಿಯೇ. ಬರ್ಲೇಬೇಕು ಅಂತ ಹೇಳು. ಇನ್ನು ಮಾತಾಡ್ಬಹುದು" ಅಂದರು. ಏನು ಮಾತು ಎಂದರೆ, ಅವಳಿಗೇ ಮೊದಲು ಹೇಳುತ್ತೇನೆ ಎಂದರು. ಎಷ್ಟೋ ದಿನದ ಮೇಲೆ ಎರಡನೇ ಸಲ ಬಡಿಸಿಕೊಂಡು ಉಂಡರು.

ಆ ಕಡೆ ಅವಳೂ ಅದೇ ದಿನವನ್ನು ಕಾಯುತ್ತಿದ್ದಳು. ತೇಪೆ ಹೊರಬಂದ ಮೇಲೆ ತೂತು ಸಿಕ್ಕಿದ ಕತೆಯನ್ನು ಊರಿಗೆಲ್ಲ ಹೇಳಬಹುದು, ಹೆಸರು ಹಾಕಿಕೊಳ್ಳಬಹುದು. ಅವಳು ಬರೆದಳು. ಬರೆದದ್ದು ಹೊಗಳಿಕೆ ಗಿಟ್ಟಿಸಲು ಅಲ್ಲ, ಅಪ್ಪನನ್ನು ಸಮಾಧಾನ ಮಾಡಲು. ಈ ಪೆಟ್ಟಿಗೆ ಬಿದ್ದದ್ದನ್ನು ನಾನು ಮೊದಲು ಕಂಡದ್ದು ಚಿಕ್ಕವಳಿದ್ದಾಗ, ನನ್ನ ಅಪ್ಪನ ತೊಡೆಯ ಮೇಲೆ ಕೂತು. ಇದನ್ನು ಬರೆದವರೂ ಅವರೇ, ಈಗ ಅಚ್ಚುಕಟ್ಟಾಗಿ ಸರಿಮಾಡಿದವರೂ ಅವರೇ. ಯಂತ್ರವೂ ಪಕ್ಕದವರನ್ನು ಮಾತಾಡಿಸಬೇಕು ಎಂದು ನನಗೆ ಕಲಿಸಿದವರು ಅವರು. ಹೀಗೆ ಬರೆದು ತನ್ನ ಹೆಸರಿನಲ್ಲೇ ಅಂತರ್ಜಾಲದಲ್ಲಿ ಹಾಕಿ, ಭಾನುವಾರ ಅಪ್ಪನಿಗೆ ಓದಿ ಹೇಳುತ್ತೇನೆ ಎಂದು ಕಾದಳು.

ಅವಳ ಬರಹವನ್ನು ಅಪ್ಪನಿಗಿಂತ ಮೊದಲು ಅಪ್ಪನ ಕಂಪನಿ ಓದಿತು.

ತೂತನ್ನು ಅವರು ಕ್ಷಮಿಸಿದ್ದರು. ಯಾರ ಪ್ರೋಗ್ರಾಮಿನಲ್ಲಿ ಇರುವುದಿಲ್ಲ? ಆದರೆ ಸಹಿ ಹಾಕಿದ ಸುಳ್ಳನ್ನು ಹೇಗೆ ಬಿಟ್ಟಾರು. ಮೊದಲೇ ಕಂಡಿದ್ದ, ಮುಚ್ಚಿಟ್ಟ, ಮನೆಯಲ್ಲಿ ಯಾರೂ ಇಲ್ಲವೆಂದ, ನೋಡಿದರೆ ಹುಡುಕಿದವಳೇ ಮಗಳು. ಅಪ್ಪ ಮಗಳು ಸೇರಿ ಆಡಿದ ನಾಟಕ ಎಂದವರೂ ಇದ್ದರಂತೆ. ಭಾನುವಾರ ಬರುವ ಮುಂಚೆಯೇ ಇವರನ್ನು ಕರೆದು ನಾಳೆಯಿಂದ ಬರುವುದು ಬೇಡ ಅಂದರು. ಇವರು ಛತ್ರಿ, ಊಟದ ಡಬ್ಬಿ ಹಿಡಿದು ಮನೆಗೆ ಬಂದರು. ಗುಬ್ಬಿ ಎಂದು ಹೆಸರಿದ್ದ ಪೆಟ್ಟಿಗೆ ಕಂಪನಿಯ ಸ್ವತ್ತು, ಅದನ್ನು ತರುವಂತಿರಲಿಲ್ಲ. ಒಮ್ಮೆ ಮುಟ್ಟಿ ಬರುತ್ತೇನೆ ಎಂದು ಕೇಳಿದರಂತೆ. ಕಾವಲಿನವನು ಪಾಪ ಒಳ್ಳೆಯವನು, ಆದರೂ ಬಿಡಲಿಲ್ಲ.

ಅದೇ ದಿನ ಕಂಪನಿಯವರು ಗುಬ್ಬಿಯ ಆಫೀಸಿಗೂ ಫೋನು ಮಾಡಿದ್ದರು. ನಮ್ಮವರು ಮನೆಯಲ್ಲಿ ಈ ಕಸುಬಿನವರು ಯಾರೂ ಇಲ್ಲವೆಂದು ಬರೆದುಕೊಟ್ಟಿದ್ದಾರೆ, ಹಾಗಾದರೆ ನಿಮ್ಮಲ್ಲಿರುವ ಆ ಹುಡುಗಿ ಯಾರು ಎಂದು ಕೇಳಿದರಂತೆ. ಅವಳ ಮೇಲಿನವರು ಅವಳನ್ನು ಕೂರಿಸಿಕೊಂಡು ಅದೇ ಮಾತನ್ನು ಅವಳಿಗೆ ಹೇಳಿದರು. ಆ ಭಾನುವಾರ ನಾನು ಮೂರು ತಟ್ಟೆ ಇಟ್ಟೆ, ಒಂದನ್ನು ಹಾಗೇ ಎತ್ತಿಟ್ಟೆ.

ನಾನು ಸುಮ್ಮನೆ ಕೂತವಳಲ್ಲ. ಫೋನು ಹಿಡಿದು ಇವರ ಮಾತನ್ನು ಅವಳಿಗೆ ಹೇಳಿದೆ, ಅವಳ ಮಾತನ್ನು ಇವರಿಗೆ ಹೇಳಿದೆ. ನಿನ್ನ ಹೆಸರು ಕೆಡಬಾರದೆಂದು ಹಾಗೆ ಬರೆದುಕೊಟ್ಟರು ಕಣೇ ಅಂದೆ. "ಗೊತ್ತಮ್ಮಾ" ಅಂದಳು. ನಿಮ್ಮ ಮರ್ಯಾದೆ ಉಳಿಯಲಿ ಎಂದು ಅವಳು ಬರೆದದ್ದು ಕಣ್ರೀ ಅಂದೆ. "ಗೊತ್ತು ಕಣೇ" ಅಂದರು. ಇಬ್ಬರಿಗೂ ಗೊತ್ತು. ಗೊತ್ತಾದ ಮಾತ್ರಕ್ಕೆ ನೋವು ಎದ್ದು ಹೋಗುತ್ತದೆಯೇ? ಅಪ್ಪನ ಅನ್ನಕ್ಕೆ ಕಲ್ಲು ಹಾಕಿದೆ ಎಂದು ಅವಳಿಗೆ, ಮಗಳಿಲ್ಲವೆಂದು ಕೈಯಾರೆ ಬರೆದುಕೊಟ್ಟೆ ಎಂದು ಇವರಿಗೆ. ಫೋನನ್ನು ಇವರ ಕಿವಿಗೆ ಹಿಡಿದರೆ ಬರೀ ಉಸಿರಾಡುತ್ತಿದ್ದರು, ಆ ಕಡೆಯೂ ಉಸಿರು. ಬಾಯಿಗೆ ಹಾಕಿದ್ದ ಬೀಗವನ್ನು ನಿಯಮ ತೆಗೆದಿತ್ತು, ಇವರಿಬ್ಬರಿಗೆ ಬಾಯಿ ತೆರೆಯುವುದೇ ಮರೆತಿತ್ತು. ಒಬ್ಬರಿಗೊಬ್ಬರು ತಕ್ಕನಾದ ಮೊಂಡರು.

ಇವರು ಮನೆಯಲ್ಲೇ ಉಳಿದ ಮೇಲೆ ಒಂದು ಹೊಸ ಚಾಳಿ ಶುರುವಾಯಿತು. ಕಂಪನಿಯಿಂದ ಇಬ್ಬರು ಎರಡು ಸಲ ಬಂದು ಇನ್ನೊಂದಿಷ್ಟು ಪ್ರಶ್ನೆ ಕೇಳಿ ಹೋಗಿದ್ದರು. ಅದಾದ ಮೇಲೆ ಒಂದು ದಪ್ಪ ಚಿಲಕ ತಂದು ಬಾಗಿಲಿಗೆ ತಾವೇ ಜಡಿದರು. ಹಗಲು ಹೊತ್ತಿನಲ್ಲೂ ಹಾಕಿಯೇ ಇರಬೇಕು. ಯಾರೇ ಗಂಟೆ ಬಾರಿಸಲಿ, ಬಾಗಿಲಿನ ಹಿಂದೆ ನಿಂತು, "ಯಾರು?" ಅದು ಇವರ ದನಿಯೇ ಅಲ್ಲ, ಯಾವುದೋ ಕಚೇರಿಯ ಕಿಟಕಿಯಿಂದ ಬರುವ ದನಿ. ಪೊರಕೆಯವನು ನಾನು ಎಂದರೆ, ನಾನು ಅಂದರೆ ಯಾರು ಎಂದು ಮತ್ತೆ ಕೇಳುತ್ತಿದ್ದರು. ಅವನು ನಮ್ಮ ಮಹಡಿಗೆ ಬರುವುದನ್ನೇ ಬಿಟ್ಟ. ಲಿಫ್ಟಿನವನು ನನ್ನನ್ನು ತಡೆದು, ಸಾಹೇಬ್ರಿಗೆ ಹುಷಾರಿಲ್ಲವಾ ಎಂದು ಕೇಳಿದ. ಹೌದಪ್ಪಾ ಎಂದೆ.

ಗುಬ್ಬಿ ಬಂದದ್ದು ಯಾರಿಗೂ ಹೇಳದೆ, ಒಂದು ಮಧ್ಯಾಹ್ನ. ನಾನು ಒಳಕೋಣೆಯಲ್ಲಿ ಯಂತ್ರದ ಮುಂದಿದ್ದೆ, ಗರಗರ ಸದ್ದಿನಲ್ಲಿ ಗಂಟೆ ಕೇಳಿಸಲಿಲ್ಲ. ದಾರ ಮುಗಿದು ಯಂತ್ರ ನಿಲ್ಲಿಸಿದಾಗ ಇವರ ದನಿ ಕೇಳಿಸಿತು: "ಯಾರು?" ಉತ್ತರವಿಲ್ಲ. ಇನ್ನೊಂದು ಸಲ, ಸ್ವಲ್ಪ ಗಡುಸಾಗಿ, "ಯಾರದು?" ಆಗಲೂ ಉತ್ತರವಿಲ್ಲ. ಮೆಟ್ಟಿಲಿಳಿಯುವ ಕಾಲಿನ ಸದ್ದಷ್ಟೇ. ಇವರಿಗೆ ಆ ಹೆಜ್ಜೆಯ ಗುರುತು ಹತ್ತಿತು. ಚಿಲಕಕ್ಕೆ ಕೈ ಹಾಕಿದರು, ಹೊಸದು, ಬಿಗಿ, ಸರಿಯಲಿಲ್ಲ. ಅದು ತೆರೆದುಕೊಳ್ಳುವಷ್ಟರಲ್ಲಿ ಮೆಟ್ಟಿಲು ಖಾಲಿ. ನಾನು ಕಿಟಕಿಗೆ ಓಡಿದೆ. ಕೆಳಗೆ ರಸ್ತೆ ದಾಟುತ್ತಿದ್ದಳು, ಕಳೆದ ವರ್ಷ ನಾನು ಜಿಪ್ ಬದಲಿಸಿಕೊಟ್ಟ ಅದೇ ಜಾಕೆಟ್. ಕೂಗಿದೆ. ಬಸ್ಸುಗಳ ಗಲಾಟೆಯಲ್ಲಿ ಕೇಳಿಸಲಿಲ್ಲವೋ, ಕೇಳಿಸಿಯೂ ತಿರುಗಲಿಲ್ಲವೋ ಕಾಣೆ.

ಫೋನಿನಲ್ಲಿ ನಾನು ಅವಳ ಮೇಲೆ ಹರಿಹಾಯ್ದೆ. "ನಾನು ಅಂತ ಹೇಳೋಕೆ ಏನಾಗಿತ್ತೇ ನಿಂಗೆ?"

"ನಾನು ಅಂದ್ರೆ ಯಾರು ಅಂತ ಕೇಳಿಬಿಟ್ರೆ ಏನ್ ಮಾಡ್ಲಮ್ಮಾ?" ಅಂದಳು.

ಇದನ್ನು ಇವರಿಗೆ ಹೇಳಬಾರದಿತ್ತೇನೋ, ಆದರೆ ಎದುರಿಗೇ ನಿಂತು ಕಾಯುತ್ತಿದ್ದರು, ಹೇಳಿದೆ. ಇವರು ಕುರ್ಚಿಯಲ್ಲಿ ಕುಸಿದರು. ಮುಖ ಮುಚ್ಚಿಕೊಂಡು, "ಎರಡಕ್ಷರ ಕಣೇ. ಗುಬ್ಬಿ ಅಂದಿದ್ರೆ ಸಾಕಿತ್ತಲ್ಲೇ" ಅಂದರು. ಗಂಡಸು ಅಷ್ಟು ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಎಲ್ಲಿಯದೋ ತಗಡಿನ ಪೆಟ್ಟಿಗೆಗಳು ಹೇಳಿದ ಮಾರುದ್ದದ ಹೆಸರನ್ನೆಲ್ಲ ಕಣ್ಣುಮುಚ್ಚಿ ಒಳಗೆ ಬಿಟ್ಟುಕೊಂಡ ಮನುಷ್ಯನಿಗೆ, ಹೆತ್ತ ಮಗಳ ಎರಡಕ್ಷರ ಸಿಗಲಿಲ್ಲ.

ನಾನು ಒಳಗೆ ಹೋಗಿ ಹೊಲಿಗೆ ಯಂತ್ರದ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ತಂದೆ. ಬಾಗಿಲ ಮುಂದೆ ಮೊಣಕಾಲೂರಿ ಚಿಲಕದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದೆ. ಇವರು ತಡೆಯಲಿಲ್ಲ. ಚಿಲಕ ತೆಗೆದ ಜಾಗದಲ್ಲಿ ಬಣ್ಣ ಕಿತ್ತು ಹೋಗಿ ಹಸಿ ಮರ ಕಾಣಿಸುತ್ತಿತ್ತು. ಬಾಗಿಲನ್ನು ಪೂರ್ತಿ ತೆರೆದು, ಮುಚ್ಚದ ಹಾಗೆ ಬಟ್ಟೆಯ ಗಂಟೊಂದನ್ನು ಅಡ್ಡ ಇಟ್ಟೆ. ಮೆಟ್ಟಿಲಿನ ಕಡೆಯಿಂದ ಗಾಳಿ ಒಳಗೆ ಬಂತು.

ಇವರು ಕಣ್ಣೊರೆಸಿಕೊಂಡು ಆ ಖಾಲಿ ಬಾಗಿಲನ್ನೇ ನೋಡಿದರು. "ಯಾರಾದ್ರೂ ಬಂದ್ರೆ?" ಅಂದರು.

"ಬರ್ಲಿ ಬಿಡಿ" ಅಂದೆ.

ಕುರ್ಚಿಯನ್ನು ಹೊಸ್ತಿಲಿನವರೆಗೆ ಎಳೆದುಕೊಂಡು ಮೆಟ್ಟಿಲಿನ ಕಡೆ ಮುಖ ಮಾಡಿ ಕೂತರು. ನಾನು ಯಂತ್ರಕ್ಕೆ ಹೊಸ ದಾರ ಪೋಣಿಸಿದೆ, ಆದರೆ ಓಡಿಸಲಿಲ್ಲ. ಹೆಜ್ಜೆ ಸದ್ದಾದರೆ ಕೇಳಿಸಬೇಕಲ್ಲ ಎಂದು ಸುಮ್ಮನೆ ಕೂತೆ. ಆ ಸಂಜೆ ಯಾರೂ ಬರಲಿಲ್ಲ.